ಸಹಾಯ ಬೇಕು: ಆಲದ ಮರದ ಜೋಡಿಗೆ ಒಂದು ಕಡಲಪಾಚಿ

ಧಾರವಾಡದಿಂದ ನಮಸ್ಕಾರ. ಮಗಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಆಲದ ಮರವನ್ನೂ ಕಾಲೆರ್ಪ ಎಂಬ ಕಡಲಪಾಚಿಯನ್ನೂ ಹೋಲಿಸುತ್ತಿದ್ದಾಳೆ. ಆಲದ್ದು ಸುಲಭ, ನಮ್ಮ ಓಣಿಯಲ್ಲೇ ಇದೆ. ನಿನ್ನೆ ಎಲೆ ಕಿತ್ತು ತಂದಳು, ಅದರ ಹಾಲು ಅಂಗಿಗೆಲ್ಲ ಅಂಟಿದೆ!

ಪಾಚಿಯದ್ದೇ ತಲೆನೋವು. ನೋಡೋಕೆ ಅದಕ್ಕೂ ಬೇರು, ಕಾಂಡ, ಎಲೆ ಇದ್ದ ಹಾಗೆ ಕಾಣುತ್ತದೆ. ಆದರೆ ಇಡೀ ಪಾಚಿ ಒಂದೇ ಜೀವಕೋಶ. ಒಳಗೆ ಕೋಶಕೇಂದ್ರಗಳು ಸಾಕಷ್ಟು, ಕೋಶ ಬೇರ್ಪಡಿಸುವ ಗೋಡೆ ಮಾತ್ರ ಇಲ್ಲ. ತುಂಡಾದರೆ ಗಾಯ ತಾನೇ ಮುಚ್ಚಿಕೊಂಡು ಆ ತುಂಡೂ ಬೆಳೆಯುತ್ತದೆ.

ಸಸ್ಯಶಾಸ್ತ್ರ ಓದಿದವರು ಯಾರಾದರೂ ಇದ್ದೀರಾ? ಒಣಗಿಸಿಟ್ಟ ಕಾಲೆರ್ಪ ಎರಡು ದಿನ ಕೊಟ್ಟರೆ ಸಾಕು, ಜೋಪಾನವಾಗಿ ವಾಪಸ್ ಕೊಡುತ್ತೇವೆ. ಹುಬ್ಬಳ್ಳಿಯಾದರೂ ಬಂದು ಒಯ್ಯುತ್ತೇನೆ.