ಆರ್ಡರ್ ಇದೆ, ಲಾಭ ಉಳಿಯುತ್ತಿಲ್ಲ: ಸ್ಕ್ರ್ಯಾಪ್ ಕಡಿಮೆ ಮಾಡಲು ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ

ಬೆಂಗಳೂರಿನ ಪೀಣ್ಯದಲ್ಲಿ ನಾಲ್ಕು ಸಿಎನ್‌ಸಿ ಲೇಥ್ (ಕಂಪ್ಯೂಟರ್ ನಡೆಸುವ ಕಡೆಯುವ ಯಂತ್ರ) ಇಟ್ಟುಕೊಂಡು ಉಕ್ಕಿನ ಪಿನ್, ಬುಷ್ (ತೂತಿರುವ ಕೊಳವೆಯಂಥ ಭಾಗ) ಮಾಡಿಕೊಡುತ್ತೇವೆ. ಮೆಷಿನ್ ಯಾವತ್ತೂ ಖಾಲಿ ಕೂತಿಲ್ಲ. ಆದರೂ ಕಂತು, ಸಂಬಳ, ಕರೆಂಟ್ ಬಿಲ್ ಕಟ್ಟಿದ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಗುಜರಿ ಗಾಡಿ ಮಾತ್ರ ವಾರ ವಾರ ತುಂಬಿಕೊಂಡು ಹೋಗುತ್ತದೆ. ರಿಜೆಕ್ಟ್ ಆದ ಪೀಸಿಗೆ ಆಪರೇಟರ್ ಸಂಬಳದಲ್ಲಿ ಹಿಡಿಯೋಣ ಎಂದು ಪಾರ್ಟ್ನರ್ ಹೇಳುತ್ತಿದ್ದಾರೆ. ನೀವೆಲ್ಲ ಏನು ಮಾಡಿದಿರಿ?

ಪೀಣ್ಯದಲ್ಲೇ ಟರ್ನಿಂಗ್ ಕೆಲಸ ಮಾಡುವವರು

ದಯವಿಟ್ಟು ಸಂಬಳಕ್ಕೆ ಕೈ ಹಾಕಬೇಡಿ. ನಾವು ಹಾಕಿದ್ದೆವು. ಎರಡೇ ವಾರಕ್ಕೆ ರಿಜೆಕ್ಷನ್ ಅರ್ಧಕ್ಕಿಳಿಯಿತು. ಖುಷಿಪಟ್ಟೆವು. ಆಮೇಲೆ ನೋಡಿದರೆ ಕೆಟ್ಟ ಪೀಸುಗಳೆಲ್ಲ ಚಿಪ್ಸ್ ಟ್ರೇಯ ತಳದಲ್ಲಿದ್ದವು. ಕೆಲವು ಒಳ್ಳೆಯ ಪೀಸಿನ ಜೊತೆ ಸೇರಿ ಗ್ರಾಹಕರವರೆಗೂ ಹೋಗಿದ್ದವು. ಆ ಲಾಟ್ ವಾಪಸ್ ಬಂದ ಖರ್ಚು ಹಿಡಿದ ಸಂಬಳಕ್ಕಿಂತ ಎಷ್ಟೋ ಜಾಸ್ತಿ. ಕೆಟ್ಟ ಪೀಸನ್ನು ಹೆದರದೆ ತಂದು ತೋರಿಸುವ ಹಾಗಿರಬೇಕು. ಆಗಲೇ ಯಾಕೆ ಕೆಟ್ಟಿತು ಎಂದು ಗೊತ್ತಾಗುವುದು.

ಮೊದಲು ತೂಗಿ. ಚಿಪ್ಸ್ (ಕಡೆದಾಗ ಬರುವ ಚೂರು), ಎಂಡ್ ಬಿಟ್ (ಬಾರಿನ ಕೊನೆಯ ತುಂಡು), ಸೆಟ್ಟಿಂಗ್ ಪೀಸ್ (ಮೆಷಿನ್ ಹೊಂದಿಸುವಾಗ ಹಾಳಾಗುವುದು), ರಿಜೆಕ್ಟ್ ಪೀಸ್, ನಾಲ್ಕಕ್ಕೂ ಬೇರೆ ಬೇರೆ ಡಬ್ಬ ಇಡಿ. ಎಲ್ಲ ಒಂದೇ ಗುಡ್ಡೆಯಾಗಿದ್ದರೆ ಏನೂ ತಿಳಿಯುವುದಿಲ್ಲ. ಗುಜರಿಯಿಂದ ಬರುವ ದುಡ್ಡು ಆದಾಯದ ಹಾಗೆ ಕಾಣುತ್ತದೆ, ಆದರೆ ನಮಗೆ ಕೊಂಡ ಬೆಲೆಯ ಅರ್ಧವೂ ಬರುತ್ತಿರಲಿಲ್ಲ.

ನಮಗೆ ದೊಡ್ಡ ಸೋರಿಕೆ ಸಿಕ್ಕಿದ್ದು ಬಾರ್ ಕತ್ತರಿಸುವಲ್ಲಿ. 32 ಮಿಮೀ ವ್ಯಾಸದ ಉಕ್ಕಿನ ಬಾರ್ (ಸರಳು), 3 ಮೀಟರ್ ಉದ್ದ. ಪೀಸ್ 48 ಮಿಮೀ, ಫೇಸಿಂಗ್‌ಗೆ (ತುದಿ ಸಮ ಮಾಡಲು) 1, ಪೀಸ್ ಕತ್ತರಿಸಿ ಬಿಡಿಸುವ ಪಾರ್ಟಿಂಗ್ ಟೂಲ್‌ಗೆ 3, ಒಟ್ಟು 52. ಹಿಡಿತಕ್ಕೆ 150 ಮಿಮೀ ಬಿಟ್ಟರೆ 54 ಪೀಸ್. ಪಾರ್ಟಿಂಗ್ ಇನ್ಸರ್ಟ್ (ಟೂಲಿನ ತುದಿಯ ಅಲಗು) 2 ಮಿಮೀದು ಹಾಕಿದೆವು, ಅದೇ ಬಾರ್‌ನಲ್ಲಿ 55 ಪೀಸ್ ಬಂತು. ಇದಕ್ಕೆ ಟೂಲ್ ಹೊರಗೆ ಚಾಚಿದ್ದು ಕಡಿಮೆ ಇರಬೇಕು, ಫೀಡ್ (ಟೂಲ್ ಮುಂದೆ ಸರಿಯುವ ವೇಗ) ಇಳಿಸಬೇಕು, ಇಲ್ಲದಿದ್ದರೆ ಇನ್ಸರ್ಟ್ ಮುರಿಯುತ್ತದೆ.

ಇನ್ನು ಎಂಡ್ ಬಿಟ್. ಮಿಮೀ ಲೆಕ್ಕದ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಬರುತ್ತದೆ, ಗೊತ್ತಲ್ವಾ? 32ಕ್ಕೆ 6.3 ಕಿಲೋ. ಬಾರಿನ ಕೊನೆಗೆ ಉಳಿಯುವ ಹತ್ತೊಂಬತ್ತು ಸೆಂಟಿಮೀಟರ್ ತುಂಡು ಒಂದು ಕಿಲೋಗೂ ಜಾಸ್ತಿ ತೂಗುತ್ತದೆ! ಅದರಲ್ಲಿ ಸಣ್ಣ ಬುಷ್ ಆಗುತ್ತದೆ. ನಾವು ಸುಮ್ನೆ ಮಾರುತ್ತಿದ್ದೆವು, ಯಾಕೆಂದರೆ ಅದು ಯಾವ ಜಾತಿಯ ಉಕ್ಕು, ಇಎನ್8ಓ ಇಎನ್24ಓ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಉಕ್ಕಿನ ಜಾತಿ ತಿಳಿಯಲೆಂದು ಬಣ್ಣ ಬಳಿದ ತುದಿಯನ್ನೇ ಮೊದಲು ಕತ್ತರಿಸುತ್ತಿದ್ದೆವು. ಈಗ ಬಣ್ಣ ಇಲ್ಲದ ತುದಿಯಿಂದ ಶುರು ಮಾಡುತ್ತೇವೆ. ಕೊನೇ ತುಂಡಿನಲ್ಲೂ ಬಣ್ಣ ಉಳಿದಿರುತ್ತದೆ. ಒಂದು ಪೈಸೆ ಖರ್ಚಿಲ್ಲ.

ಬೆಳಗಾವಿಯ ಫೌಂಡ್ರಿಯಿಂದ (ಎರಕದ ಕಾರ್ಖಾನೆ)

ನಮ್ಮಲ್ಲಿ ಒಂದು ಮಾತು ಓಡಾಡುತ್ತಿತ್ತು: "ಕೆಟ್ಟರೆ ಏನಂತೆ, ಮತ್ತೆ ಕರಗಿಸೋಣ." ಕಬ್ಬಿಣ ವಾಪಸ್ ಸಿಗುತ್ತದೆ ನಿಜ. ಕರೆಂಟ್ ಸಿಗುವುದಿಲ್ಲ. ನಮ್ಮ ಇಂಡಕ್ಷನ್ ಫರ್ನೇಸ್‌ನಲ್ಲಿ ಟನ್ನಿಗೆ 600 ಯೂನಿಟ್ ಆಸುಪಾಸು ಬೇಕು. ಮರಳಿನ ಅಚ್ಚು ಮಾಡಿದ ಕೂಲಿಯೂ ಹೋಯಿತು. ಆದ್ದರಿಂದ ಕೆಟ್ಟ ಪೀಸಿಗೆ ಲೋಹದ ಬೆಲೆ ಮಾತ್ರ ಹಾಕಬೇಡಿ, ಅಲ್ಲಿಯವರೆಗೆ ಆದ ಕೆಲಸವನ್ನೂ ಸೇರಿಸಿ. ಗ್ರೈಂಡಿಂಗ್ ಮುಗಿದ ಮೇಲೆ ಕೆಟ್ಟ ಒಂದು ಪಿನ್, ಕಟಿಂಗ್‌ನಲ್ಲೇ ಕೆಟ್ಟ ಹಲವು ಪಿನ್ನುಗಳಿಗೆ ಸಮ. ನಮಗೆ ಜಾಸ್ತಿ ಬರುತ್ತಿದ್ದದ್ದು ಬ್ಲೋಹೋಲ್, ಅಂದರೆ ಎರಕದೊಳಗೆ ಗಾಳಿ ಸಿಕ್ಕಿ ಆಗುವ ತೂತು. ಮರಳಿನ ತೇವವನ್ನು ಕೈಯಲ್ಲಿ ಹಿಸುಕಿ ಅಂದಾಜು ಮಾಡುವುದನ್ನು ಬಿಟ್ಟು, ದಿನಕ್ಕೆ ಮೂರು ಸಲ ಅಳೆದು ಬರೆದಿಟ್ಟೆವು. ಮಳೆಗಾಲದಲ್ಲೂ ಹತೋಟಿಗೆ ಬಂತು.

ಮೆಂಟೆನೆನ್ಸ್ ನೋಡಿಕೊಳ್ಳುವವರು

ಊಟದ ಹೊತ್ತಲ್ಲಿ ಮೆಷಿನ್ ಎಲ್ಲ ನಿಲ್ಲಿಸಿ, ಕಂಪ್ರೆಸರ್ ಮಾತ್ರ ಆನ್ ಇಡಿ. ಯಾರೂ ಗಾಳಿ ಬಳಸದಿದ್ದರೂ ಅದು ಮತ್ತೆ ಮತ್ತೆ ಲೋಡ್ ತೆಗೆದುಕೊಂಡು ಗಾಳಿ ತುಂಬಿದರೆ ಪೈಪ್ ಸೋರುತ್ತಿದೆ ಎಂದರ್ಥ. ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ ಹುಡುಕಿ. ಟೂಲ್ ತಂಪಾಗಿಡುವ ನೀರಿಗೆ ಕೂಲಂಟ್ ಎಣ್ಣೆಯನ್ನು ಮಗ್ಗಿನ ಲೆಕ್ಕದಲ್ಲಿ ಸುರಿಯಬೇಡಿ. ಎಣ್ಣೆ ಎಷ್ಟು ಸೇರಿದೆ ಎಂದು ಅಳೆಯುವ ರಿಫ್ರಾಕ್ಟೋಮೀಟರ್ ತರಿಸಿ. ನಮಗೆ ಬೇಕಿದ್ದದ್ದು 6 ಪರ್ಸೆಂಟ್, ಹಾಕುತ್ತಿದ್ದದ್ದು 11.

ಇನ್ನೊಬ್ಬರು

ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಇದ್ದರೆ ಕೇಂದ್ರ ಎಂಎಸ್‌ಎಂಇ ಸಚಿವಾಲಯದ ಲೀನ್ (ಪೋಲು ತಗ್ಗಿಸುವ) ಯೋಜನೆ ನೋಡಿ. ಹೊಸ ರೂಪದಲ್ಲಿ 2023ರ ಮಾರ್ಚ್‌ನಲ್ಲಿ ಶುರುವಾಯಿತು. ಸಲಹೆಗಾರರ ಖರ್ಚಿನ 90 ಪರ್ಸೆಂಟ್ ಸರ್ಕಾರ ಕೊಡುತ್ತದೆ. ಆದರೆ ತೂಕದ ಪುಸ್ತಕ ನಿಮ್ಮ ಹತ್ತಿರ ಮೊದಲೇ ಇರಲಿ. ಲೆಕ್ಕ ಇಲ್ಲದೆ ಬಂದವರೂ ಏನು ಹೇಳಿಯಾರು?

ಪ್ರಶ್ನೆ ಕೇಳಿದವರು, ಒಂದು ವಾರದ ನಂತರ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಚಿಪ್ಸ್ ಬಿಟ್ಟು ಉಳಿದದ್ದನ್ನು ತೂಗಿದೆ. ರಿಜೆಕ್ಟ್ 11 ಕಿಲೋ, ಸೆಟ್ಟಿಂಗ್ ಪೀಸ್ 9, ಎಂಡ್ ಬಿಟ್ 34! ಪಾರ್ಟ್ನರ್‌ಗೆ ತೋರಿಸಿದೆ. ಸಂಬಳದ ಮಾತು ಬಿಟ್ಟಿದ್ದಾರೆ. ಎಂಡ್ ಬಿಟ್ ಜೋಡಿಸಲು ರ್‍ಯಾಕ್ ಬೇಕು, ನಾಳೆ ಬೆಳಗ್ಗೆ ವೆಲ್ಡರ್ ಬರುತ್ತಾರೆ.