ಓದುಗರ ಸ್ಪಂದನ: ದೋಣಿ ಕಟ್ಟುವ ದಡಕ್ಕೆ ಬಾಡಿಗೆಯೋ, ಕ್ರಯವೋ?

ತುಮರಿ ಕಡೆಯ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಇಕ್ಕಟ್ಟನ್ನು ಹೇಳಿಕೊಂಡಿದ್ದರು. ಶರಾವತಿ ಹಿನ್ನೀರಿನ ಬಳಿ ಅವರದೊಂದು ಹೋಮ್‌ಸ್ಟೇ ಇದೆ. ಅತಿಥಿಗಳನ್ನು ಸುತ್ತಾಡಿಸಲು ಇಪ್ಪತ್ತೆರಡು ಅಡಿಯ ಫೈಬರ್ ದೋಣಿಯಿದೆ. ಆರು ವರ್ಷಗಳಿಂದ ಅದನ್ನು ನೆರೆಮನೆಯ ಹಿರಿಯರ ಜಮೀನಿನ ಅಂಚಿನಲ್ಲಿ ಕಟ್ಟುತ್ತಿದ್ದಾರೆ. ವರ್ಷಕ್ಕೆ 18,000 ರೂಪಾಯಿ, ಎಲ್ಲವೂ ಬಾಯಿಮಾತು. ಈಗ ಹಿರಿಯರ ಮಗ ಬೆಂಗಳೂರಿನಿಂದ ಬಂದು, ಯುಗಾದಿಯ ನಂತರ 40,000 ಕೊಡಿ, ಇಲ್ಲವಾದರೆ ಆ ಆರು ಗುಂಟೆಯನ್ನು ಒಂಬತ್ತು ಲಕ್ಷಕ್ಕೆ ಕ್ರಯಕ್ಕೆ ತೆಗೆದುಕೊಳ್ಳಿ ಎಂದಿದ್ದಾರೆ. ಮನೆಯಾಕೆಯ ಚಿನ್ನ ಅಡವಿಟ್ಟರೆ ಹಣ ಹೊಂದುತ್ತದೆ. “ವರ್ಷ ವರ್ಷವೂ ಇನ್ನೊಬ್ಬರ ಗೂಟಕ್ಕೆ ದುಡ್ಡು ಕಟ್ಟುವ ಬದಲು ಒಮ್ಮೆಗೇ ಕೊಂಡುಬಿಡುವುದು ಮೇಲಲ್ಲವೇ?” ಎಂದು ಅವರು ಕೇಳಿದ್ದರು.

ಪತ್ರಗಳು ನಾವು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಬಂದಿವೆ. ಲೆಕ್ಕದಿಂದ ಆರಂಭಿಸೋಣ.

*

ಮಾನ್ಯರೇ, ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ಸಾಲದ ಮೇಜಿನ ಮುಂದೆ ಕುಳಿತವನು. ಚಿನ್ನದ ಸಾಲಕ್ಕೆ ನೂರಕ್ಕೆ ಒಂಬತ್ತು ಬಡ್ಡಿ ಎಂದೇ ಹಿಡಿಯಿರಿ. ಒಂಬತ್ತು ಲಕ್ಷಕ್ಕೆ ವರ್ಷಕ್ಕೆ 81,000 ರೂಪಾಯಿ ಬರೀ ಬಡ್ಡಿಯಾಯಿತು. ನಿಮ್ಮನ್ನು ಹೆದರಿಸಿರುವ ಬಾಡಿಗೆ 40,000. ಅದು ವರ್ಷಕ್ಕೆ ನೂರಕ್ಕೆ ಐದರಂತೆ ಏರುತ್ತಾ ಹೋದರೂ ಹತ್ತನೆಯ ವರ್ಷ ಸುಮಾರು 62,000 ಆಗುತ್ತದೆ, ಅಷ್ಟೇ. ಇದರ ಮೇಲೆ ನೋಂದಣಿ ಖರ್ಚಿದೆ. ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕವಂತೂ 2025ರ ಆಗಸ್ಟ್ ಕೊನೆಯಿಂದ ನೂರಕ್ಕೆ 1 ಇದ್ದದ್ದು 2 ಆಗಿದೆ. ಎಲ್ಲ ಸೇರಿ ಏಳೂವರೆ ದಾಟುತ್ತದೆ. ಅಂದರೆ ಒಂದು ಗೂಟ ನೆಡುವ ಮೊದಲೇ ಅರವತ್ತೇಳು ಸಾವಿರಕ್ಕಿಂತ ಹೆಚ್ಚು ಹೋಯಿತು.

ಜಮೀನಿನ ಬೆಲೆ ಏರುತ್ತದೆ ಎನ್ನುತ್ತೀರಿ. ಏರಬಹುದು. ಆದರೆ ರಸ್ತೆಯಿಲ್ಲದ ಆರು ಗುಂಟೆಯ ತುಂಡನ್ನು ನಾಳೆ ನಿಮ್ಮಿಂದ ಕೊಳ್ಳುವವರು ಯಾರು? ಸುತ್ತಲಿನ ಜಮೀನಿನ ಯಜಮಾನರೊಬ್ಬರೇ. ಅವರು ಹೇಳಿದ್ದೇ ಬೆಲೆ.
— ಶಿವಮೊಗ್ಗ

*

ಜಮೀನು ಕೊಂಡರೆ ನೀರೂ ಬಂತೆಂದು ಭಾವಿಸುವವರಿಗೆ ಮುಂದಿನ ಪತ್ರ ಉಪಯುಕ್ತ. ಬರೆದವರು ನಿವೃತ್ತ ಭೂಮಾಪಕರು. ಅವರ ಪತ್ರವನ್ನು ನಾವು ಕತ್ತರಿಸಿಲ್ಲ.

*

ನಿಮ್ಮ ಶರಾವತಿ ಹಿನ್ನೀರು ನಿಲ್ಲುವ ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಆ ಗೆರೆಯೊಳಗಿನ ಮುಳುಗಡೆ ಜಮೀನನ್ನು ಯೋಜನೆಗಾಗಿ ಆಗಲೇ ಭೂಸ್ವಾಧೀನ ಮಾಡಿಕೊಂಡು ಪರಿಹಾರವನ್ನೂ ಕೊಟ್ಟಾಗಿದೆ. ನೆರೆಯವರು ಎಷ್ಟು ಕಾಲದಿಂದ ಅಲ್ಲಿ ದನ ಮೇಯಿಸಿದ್ದರೂ ಬೇಸಿಗೆಯಲ್ಲಿ ಬೆಳೆ ತೆಗೆದಿದ್ದರೂ ಅದು ಅವರು ಮಾರಬಹುದಾದ ನೆಲವಲ್ಲ. ಆದ್ದರಿಂದ ಮೊದಲ ಪ್ರಶ್ನೆ ಬೆಲೆಯದಲ್ಲ. ಆ ಆರು ಗುಂಟೆ ಗೆರೆಯ ಮೇಲಿದೆಯೋ ಕೆಳಗಿದೆಯೋ? ಕೆಳಗಿದ್ದರೆ ಕ್ರಯಪತ್ರ ಬರೀ ಕಾಗದ. ಮೇಲಿದ್ದರೆ ನಿಮ್ಮ ದೋಣಿಗೂ ಆ ಜಮೀನಿಗೂ ನಡುವೆ ಯಾವಾಗಲೂ ನಿಮ್ಮದಲ್ಲದ ಒಂದು ಪಟ್ಟಿ ಉಳಿಯುತ್ತದೆ.

ಎರಡನೆಯ ಮಾತು ನಿಮಗೆ ಗೊತ್ತಿರುವುದೇ, ಆದರೆ ಪತ್ರದಲ್ಲಿ ಬಂದಿಲ್ಲ. ನಮ್ಮ ಹಿನ್ನೀರಿಗೆ ದಡ ಒಂದೇ ಕಡೆ ನಿಲ್ಲುವುದಿಲ್ಲ. ತುಂಬಿದ ಸೆಪ್ಟೆಂಬರಿಗೂ ಬತ್ತಿದ ಮೇ ತಿಂಗಳಿಗೂ ನೀರಿನ ಮಟ್ಟದಲ್ಲಿ ಹತ್ತಾರು ಅಡಿ ವ್ಯತ್ಯಾಸ. ಕಡಿದಾದ ದರೆಯಲ್ಲಿ ಅದು ಹತ್ತು ಹೆಜ್ಜೆ; ನಿಮ್ಮ ಕಡೆಯಂಥ ಇಳಿಜಾರಿನ ಹಳೆ ಗದ್ದೆಬಯಲಿನಲ್ಲಿ ಅದು ಫರ್ಲಾಂಗುಗಟ್ಟಲೆ ಕೆಸರು. ಮಡೆನೂರಿನ ಹಳೆಯ ಅಣೆಕಟ್ಟು ಮೇಲೆ ಕಾಣುವಷ್ಟು ನೀರು ಇಳಿದ ಬೇಸಿಗೆಯಲ್ಲಿ ನಿಮ್ಮ ದೋಣಿ ಎಲ್ಲಿತ್ತು, ನೆನಪು ಮಾಡಿಕೊಳ್ಳಿ. ಖಂಡಿತ ಆ ಆರು ಗುಂಟೆಯ ಅಂಚಿನಲ್ಲಿ ಇರಲಿಲ್ಲ.

ಪಹಣಿ, ಮ್ಯುಟೇಶನ್, ಋಣಭಾರ ಪತ್ರ ನೋಡಿ. ಜಮೀನಿನ ಒಂದು ತುಂಡನ್ನು ಮಾರುವ ಮುನ್ನ ಅಳೆದು ಮಾಡುವ 11ಇ ನಕ್ಷೆಗೆ ಅವರಿಂದಲೇ ಅರ್ಜಿ ಹಾಕಿಸಿ. ಅಳತೆಯ ದಿನ ಖುದ್ದಾಗಿ ನಿಂತು ಕಲ್ಲು ನೋಡಿ. ಇಷ್ಟಾಗುವವರೆಗೆ ಮುಂಗಡವೆಂದು ಒಂದು ರೂಪಾಯಿಯನ್ನೂ ಕೊಡಬೇಡಿ.
— ಸಾಗರ

*

ಆರು ವರ್ಷ ಬಾಡಿಗೆ ಒಂದು ರೂಪಾಯಿಯೂ ಏರಿಲ್ಲ. ಈಗ ಏರಿಸಿದವರ ಮೇಲೆ ದೂರು. ನಿಮ್ಮ ಹೋಮ್‌ಸ್ಟೇಯ ದರವನ್ನು ಈ ಆರು ವರ್ಷಗಳಲ್ಲಿ ಎಷ್ಟು ಸಲ ಏರಿಸಿದ್ದೀರಿ?
— ತೀರ್ಥಹಳ್ಳಿ

*

ಪತ್ರವಿಡೀ ಹುಡುಕಿದೆ. ಚಿನ್ನ ಯಾರದೋ ಅವರು ಏನೆಂದರು ಎಂಬುದಕ್ಕೆ ಒಂದು ಸಾಲೂ ಇಲ್ಲ.
— ಶಿಕಾರಿಪುರದ ಓದುಗಾರ್ತಿ

*

ಮುಂದಿನದು ಉದ್ದದ ಪತ್ರ. ಕೇಳಿದ ಪ್ರಶ್ನೆಗೆ ಇದು ನೇರ ಉತ್ತರವಲ್ಲ ಎಂದು ಬರೆದವರೇ ಹೇಳಿದ್ದಾರೆ. ನಮಗೆ ಇದನ್ನು ಬಿಡಲಾಗಲಿಲ್ಲ.

*

ತಮ್ಮಾ, ನಿನ್ನ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೆಸರು ಗೊತ್ತಿಲ್ಲದಿದ್ದರೂ ಏಕವಚನದಲ್ಲಿ ಕರೆಯುತ್ತಿದ್ದೇನೆ, ನಿನ್ನ ವಯಸ್ಸಿನ ಮಗನಿದ್ದಾನೆ ನನಗೆ.

1964ರಲ್ಲಿ ಅಣೆಕಟ್ಟು ಮುಗಿದಾಗ ನನಗೆ ಏಳು ವರ್ಷ. ನಮ್ಮ ಮನೆ, ತೋಟ, ಕೊಟ್ಟಿಗೆ ನೀರಿಗೆ ಹೋದವು. ಬಹಳ ಮಂದಿ ದೂರದೂರದ ಕಾಡಿಗೆ ಹೋಗಿ ಹೊಸದಾಗಿ ನೆಲ ಕಡಿದರು. ಅಪ್ಪ ಹೋಗಲಿಲ್ಲ. ಮೇಲಿನ ಗುಡ್ಡದಲ್ಲಿ ಅಜ್ಜನ ಕಾಲದ ಎರಡು ಎಕರೆ ಉಳಿದಿತ್ತು, ಅಲ್ಲಿಯೇ ಸೋಗೆಯ ಮನೆ ಕಟ್ಟಿದರು. ನಡೆದು ಹೋಗುತ್ತಿದ್ದ ಸಂತೆಗೆ ಅಲ್ಲಿಂದ ದೋಣಿಯೇ ಗತಿಯಾಯಿತು. ಎತ್ತಿನ ಗಾಡಿ ಹೊಡೆಯುತ್ತಿದ್ದ ಅಪ್ಪ ನಲವತ್ತನೆಯ ವಯಸ್ಸಿನಲ್ಲಿ ಹುಟ್ಟು ಹಾಕುವುದನ್ನು ಕಲಿತರು.

ದೋಣಿ ಕಟ್ಟುತ್ತಿದ್ದದ್ದು ದೊಡ್ಡಪ್ಪನ ಪಾಲಿನ ದಡದಲ್ಲಿ, ಒಂದು ಮತ್ತಿಮರಕ್ಕೆ. ಬಾಡಿಗೆ ಎಂಬ ಮಾತೇ ಇರಲಿಲ್ಲ. ಅಪ್ಪ ಸಂತೆಯಿಂದ ಬರುವಾಗ ಅವರ ಮನೆಗೂ ಉಪ್ಪು, ಬೆಲ್ಲ, ಸೀಮೆಎಣ್ಣೆ ತರುತ್ತಿದ್ದರು. ದೊಡ್ಡಪ್ಪ ತೀರಿಕೊಂಡ ವರ್ಷ ಪಾಲಿನ ಜಗಳ ಹತ್ತಿತು. ಆಷಾಢದ ಒಂದು ರಾತ್ರಿ ಯಾರೋ ಹಗ್ಗ ಬಿಚ್ಚಿದರು. ಯಾರೆಂದು ಅಪ್ಪ ಕೊನೆಯವರೆಗೂ ಹೇಳಲಿಲ್ಲ. ಮೂರು ದಿನದ ಮೇಲೆ ಸಿಕ್ಕಾಗ ದೋಣಿಯ ಒಂದು ಪಕ್ಕ ಇರಲಿಲ್ಲ.

ಆಗ ಅಪ್ಪ ನೀನು ಹೇಳಿದ ಮಾತನ್ನೇ ಹೇಳಿದರು. ಇನ್ನೊಬ್ಬರ ಗೂಟ ಬೇಡ. ಅಮ್ಮ ಕೊರಳಿನಿಂದ ಕಾಸಿನ ಸರ ತೆಗೆದು ಕೊಟ್ಟದ್ದನ್ನು ನಾನು ಒಲೆಯ ಬಳಿ ಕುಳಿತು ನೋಡಿದ್ದೇನೆ. ಅದನ್ನು ಮಾರಿ ಅರ್ಧ ಎಕರೆ ದಡ ಕೊಂಡರು. ಕೊಟ್ಟವರು ಪರಿಚಿತರೇ. ಎರಡು ವರ್ಷ ಮಳೆ ಕಡಿಮೆಯಿತ್ತು, ದೋಣಿ ನಮ್ಮದೇ ದಡದಲ್ಲಿ ನಿಂತಿತು, ಅಪ್ಪ ಅಲ್ಲಿ ನಾಲ್ಕು ಬಾಳೆ ನೆಟ್ಟರು. ಮೂರನೆಯ ವರ್ಷ ಜಲಾಶಯ ತುಂಬಿತು. ನಮ್ಮ ಅರ್ಧ ಎಕರೆಯಲ್ಲಿ ಬಾಳೆಯ ತುದಿಯೂ ಕಾಣಲಿಲ್ಲ. ಹಿಂದೆಯೇ ಪರಿಹಾರ ಪಡೆದಿದ್ದ ನೆಲವನ್ನು ನಮಗೆ ಮತ್ತೆ ಮಾರಿದ್ದರು.

ಅಪ್ಪ ಕೋರ್ಟಿಗೆ ಹೋಗಲಿಲ್ಲ. ಹೋಗಲು ಆ ಹೊಳೆಯನ್ನೇ ದಾಟಬೇಕಿತ್ತು, ವಕೀಲರಿಗೆ ಕೊಡಲು ಏನೂ ಉಳಿದಿರಲಿಲ್ಲ. ಅಮ್ಮ ಸರದ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಆದರೆ ನನ್ನ ಮದುವೆಯ ದಿನ, ಧಾರೆಗೆ ಬರುವ ಮೊದಲು, ಖಾಲಿ ಕೊರಳಿನ ಮೇಲೆ ಸೆರಗನ್ನು ಎಳೆದುಕೊಂಡದ್ದನ್ನು ಕಂಡೆ. ಐವತ್ತು ವರ್ಷವಾಗುತ್ತಾ ಬಂತು. ಇವತ್ತಿಗೂ ಯಾರಾದರೂ ಸೆರಗು ಸರಿಮಾಡಿಕೊಂಡರೆ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ.

ನೀನು ಕೊಳ್ಳಬೇಕೋ ಬೇಡವೋ ನನಗೆ ತಿಳಿಯದು. ಒಂದನ್ನು ಕೇಳುತ್ತೇನೆ. ಆ ಹಿರಿಯರು ಇನ್ನೂ ಇದ್ದಾರೆ ಎಂದು ಬರೆದಿದ್ದೀಯೆ. ಮಗ ಹೇಳಿದ ಮೇಲೆ ನೀನು ಅವರ ಜಗುಲಿಯಲ್ಲಿ ಹೋಗಿ ಕುಳಿತೆಯಾ? ನಮ್ಮ ಮತ್ತಿಮರದ ಬೊಡ್ಡೆ ನೀರು ಇಳಿದ ಬೇಸಿಗೆಯಲ್ಲಿ ಈಗಲೂ ಕಾಣುತ್ತದೆ. ಹಗ್ಗ ಉಜ್ಜಿದ ಗುರುತು ಮಾತ್ರ ಹೋಗಿದೆ.
— ಹೊಸನಗರ ತಾಲ್ಲೂಕು

*

ಜಗುಲಿಯ ಪ್ರಶ್ನೆ ಇನ್ನೂ ನಾಲ್ಕು ಪತ್ರಗಳಲ್ಲಿದೆ. ಮಾತಾದ ಮೇಲೂ ಬರಹ ಬೇಕು ಎನ್ನುವವರು ಕೆಳಗಿದ್ದಾರೆ.

*

ಕರಾರು ಬರೆಯಿಸುವಾಗ ಎಚ್ಚರವಿರಲಿ. ಭೂಸುಧಾರಣಾ ಕಾಯ್ದೆಗೆ ತಂದ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಆದ್ದರಿಂದ ‘ಜಮೀನು ಬಾಡಿಗೆ’ ಎಂದು ಬರೆದರೆ ಆ ಹಿರಿಯರಿಗೇ ತೊಂದರೆ. ದೋಣಿ ಕಟ್ಟಲು, ಅದರ ಬಳಿಗೆ ನಡೆದು ಹೋಗಿಬರಲು ಅನುಮತಿ, ಅದಕ್ಕೆ ಇಷ್ಟು ಶುಲ್ಕ ಎಂಬ ಸ್ವರೂಪದಲ್ಲಿ ವಕೀಲರಿಂದ ಬರೆಯಿಸಿ. ಏರಿಕೆ ಎಷ್ಟೆಂಬುದೂ ಬಿಡಿಸಲು ಎಷ್ಟು ತಿಂಗಳ ಮುನ್ಸೂಚನೆ ಎಂಬುದೂ ಅದರಲ್ಲಿರಲಿ. ಮೋಟಾರು ದೋಣಿಯಾದ್ದರಿಂದ 2021ರ ಒಳನಾಡು ಹಡಗುಗಳ ಕಾಯ್ದೆಯಂತೆ ನೋಂದಣಿ, ವಿಮೆ ಆಗಿದೆಯೇ ಎಂಬುದನ್ನೂ ನೋಡಿಕೊಳ್ಳಿ.
— ವಕೀಲರು, ಸಾಗರ

*

ನಿಮ್ಮ ಪತ್ರದಲ್ಲಿ ಎರಡು ಕಡೆ ‘ಗೇಣಿ’ ಎಂದು ಬರೆದಿದ್ದೀರಿ. ಕಾಗೋಡಿನ ರೈತರು 1951ರಲ್ಲಿ ಜೈಲಿಗೆ ಹೋದದ್ದು ಗೇಣಿಯ ಅನ್ಯಾಯದ ವಿರುದ್ಧ. ನಮ್ಮ ಅಜ್ಜ ಅವರಲ್ಲೊಬ್ಬರು. ಅತಿಥಿಗಳನ್ನು ಸುತ್ತಾಡಿಸುವ ದೋಣಿಯ ಬಾಡಿಗೆಗೆ ಆ ಪದ ಬಳಸಬೇಡಿ.
— ಸಾಗರ ತಾಲ್ಲೂಕು

*

ನಾನು ಸಾಗರದವನು, ಈಗ ಅಮೆರಿಕದ ಮೇರಿಲ್ಯಾಂಡಿನಲ್ಲಿ ಚೆಸಾಪೀಕ್ ಕೊಲ್ಲಿಯ ಹತ್ತಿರ ವಾಸ. ಇಲ್ಲಿ ದೋಣಿ ನಿಲ್ಲಿಸುವ ಅಂಕಣಕ್ಕೆ ‘ಸ್ಲಿಪ್’ ಎನ್ನುತ್ತಾರೆ. ಬಾಡಿಗೆ ಸಾಮಾನ್ಯವಾಗಿ ದೋಣಿಯ ಉದ್ದಕ್ಕೆ, ಅಡಿಗೆ ಇಷ್ಟು ಎಂದು. ಕೆಲವು ಕಡೆ ಸ್ಲಿಪ್ ಅನ್ನೇ ಮನೆಯಂತೆ ಮಾರುತ್ತಾರೆ, ಅದಕ್ಕೆ ‘ಡಾಕೋಮಿನಿಯಂ’ ಎಂದು ಹೆಸರು. ನನ್ನ ಸಹೋದ್ಯೋಗಿಯೊಬ್ಬರು ಬಾಡಿಗೆಯಿಂದ ಪಾರಾಗಲೆಂದು ಕೊಂಡರು. ಬಾಡಿಗೆ ನಿಂತಿತು. ಸಂಘದ ಮಾಸಿಕ ಶುಲ್ಕ, ಆಸ್ತಿ ತೆರಿಗೆ, ವಿಮೆ ಶುರುವಾದವು. ತಳದ ಹೂಳೆತ್ತಿಸಿದ ವರ್ಷ ಎಲ್ಲ ಮಾಲೀಕರಿಗೂ ಬೇರೆಯಾಗಿ ವಂತಿಗೆ ಬಿತ್ತು. ದೋಣಿ ಮಾರಿದ ಮೇಲೂ ಸ್ಲಿಪ್ ಮಾರಾಟವಾಗದೆ ಎರಡು ವರ್ಷ ಕಟ್ಟಿದರು. ಆದರೂ ಅವರ ಸ್ಲಿಪ್ಪಿಗೆ ನೀರು ವರ್ಷವಿಡೀ ಇತ್ತು. ಅಷ್ಟು ಭರವಸೆ ನಮ್ಮ ಹಿನ್ನೀರಿನಲ್ಲಿ ಇಲ್ಲ.

*

ದೋಣಿಯೇ ಬೇಕೇ ಎಂದು ಮೊದಲು ಯೋಚಿಸಿ. 2025ರ ಜುಲೈ 14ರಂದು ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾರುಗಳು ಈಗ ಸಿಗಂದೂರಿಗೆ ನೇರ ಹೋಗುತ್ತವೆ. ಹೆರಿಗೆಯ ನೋವಿನಲ್ಲಿ ದಡದಲ್ಲಿ ಕಾದವರ ಮನೆಯವನು ನಾನು, ಸೇತುವೆ ನಮಗೆ ಜೀವ ಬಂದಂತೆ. ಆದರೆ ಲಾಂಚಿನ ಸಾಲನ್ನೇ ನಂಬಿ ಚಹಾ, ಮಂಡಕ್ಕಿ ಮಾರಿದವರ ಅಂಗಡಿ ಏನಾಯಿತೆಂದೂ ನೋಡಿದ್ದೇನೆ. ಎರಡು ಹಂಗಾಮು ಕಾದು, ಅತಿಥಿಗಳು ನೀರಿಗೆ ಇಳಿಯುತ್ತಾರೋ ನೋಡಿ ನಿರ್ಧರಿಸಿ.
— ಬ್ಯಾಕೋಡು

*

ನಾನು ಹಸಿರುಮಕ್ಕಿ ಕಡೆ ದೋಣಿ ನಡೆಸುವವನು. ದಡ ಕೊಳ್ಳುವ ಮಾತು ಬಿಡಿ, ನೀರಿನ ಜೊತೆ ಇಳಿಯುವ ಕಟ್ಟೆ ಮಾಡಿಕೊಳ್ಳಿ. ಎಂಟು ನೀಲಿ ಡ್ರಮ್ಮು, ಕಬ್ಬಿಣದ ಪೈಪಿನ ಚೌಕಟ್ಟು, ಮೇಲೆ ಹಲಗೆ. ನನಗೆ ಕೂಲಿ ಸೇರಿ 42,000 ಆಯಿತು. ಮೊದಲು ಅಡಿಕೆ ದಬ್ಬೆ ಹಾಕಿದ್ದೆ, ಒಂದೇ ಮಳೆಗಾಲಕ್ಕೆ ಕೊಳೆಯಿತು. ಜನವರಿಯಿಂದ ಮೂರು ಸಲ ಕೆಳಕ್ಕೆ ಎಳೆಯುತ್ತೇನೆ, ಮಳೆ ಹಿಡಿದ ಮೇಲೆ ಮೇಲಕ್ಕೆ. ನೀರಿನಲ್ಲಿ ಇಡುವುದಕ್ಕೆ ಅನುಮತಿ ಕೇಳಿಯೇ ಇಡಿ. ಹಗ್ಗವನ್ನು ಒಂದೇ ಕಡೆ ಕಟ್ಟಬೇಡಿ, ಎರಡು ಕಡೆ ಕಟ್ಟಿ. ಸಂಜೆ ಗಾಳಿಗೆ ನಾನು ಒಂದು ದೋಣಿ ಕಳೆದುಕೊಂಡಿದ್ದೇನೆ.

*

ಈ ಪುಟ ಅಚ್ಚಿಗೆ ಹೋಗುವ ಮುನ್ನ ತುಮರಿಯಿಂದಲೇ ಒಂದು ಕಾರ್ಡು ಬಂತು. ಮೇಲಿನ ಯಾವ ಪತ್ರವನ್ನೂ ಬರೆದವರು ಓದಿರಲಿಲ್ಲ. ಭೂಮಾಪಕರ ಪತ್ರದ ಪ್ರತಿಯನ್ನು ಅವರಿಗೆ ಕಳಿಸಿದ್ದೇವೆ.

*

ಸಂಪಾದಕರಿಗೆ ನಮಸ್ಕಾರ. ಪ್ರಶ್ನೆ ಕೇಳಿದವರು ನನ್ನ ಯಜಮಾನರು. ಚಿನ್ನ ನನ್ನ ತವರಿನದು, ಕೊಡುತ್ತೇನೆಂದು ಮೊದಲು ಹೇಳಿದ್ದು ನಾನೇ. ಅದನ್ನು ಅವರು ಬರೆಯಲಿಲ್ಲ. ಮುಳುಗಡೆಯ ನಂತರ ನನ್ನ ತವರಿನವರಿಗೆ ತೋರಿಸಿದ ಜಾಗಕ್ಕೆ ಇಂದಿಗೂ ಹಕ್ಕುಪತ್ರವಿಲ್ಲ. ಅಪ್ಪ ಕಾಗದದ ಕಟ್ಟು ಹಿಡಿದು ಕಚೇರಿ ಅಲೆದೇ ಹೋದರು. ನನ್ನ ಹೆಸರಿನ ಪಹಣಿಯೊಂದನ್ನು ಕಣ್ಣಾರೆ ನೋಡಬೇಕೆಂಬುದು ನನ್ನ ಆಸೆ. ಆ ಆರು ಗುಂಟೆ ದೋಣಿಗೆ ಲಾಭವೋ ನಷ್ಟವೋ ಎಂದು ಇವರು ಲೆಕ್ಕ ಹಾಕುತ್ತಿದ್ದಾರೆ, ನಾನು ಹಾಕಿಲ್ಲ. ಮೊನ್ನೆ ಸಂಜೆ ಹಿರಿಯರ ಮನೆಗೆ ಹೋಗಿದ್ದೆ. ಗಡಿಕಲ್ಲು ಎಲ್ಲಿದೆ ಎಂದು ಕೇಳಿದೆ. ಹುಡುಕಬೇಕು ಎಂದರು. ಈ ಭಾನುವಾರ ಅವರನ್ನೇ ಕರೆದುಕೊಂಡು ಹೋಗಿ ಹುಡುಕುತ್ತೇವೆ.