ತಾಳಮದ್ದಳೆ ರೆಕಾರ್ಡಿಂಗ್: ಭಾಗವತರ ಮೈಕಿಗೆ ಚೆಂಡೆ ನುಗ್ಗುತ್ತದೆ, ಅದೂ ಡಬ್ಬದೊಳಗಿಂದ ಬಂದ ಹಾಗೆ

ಕುಮಾರಧಾರೆ:
ಎಲ್ಲರಿಗೂ ನಮಸ್ಕಾರ. ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದು ಮೇಳಗಳು ಒಳಗಾದ ಮೇಲೆ ನಮ್ಮೂರ ದೇವಸ್ಥಾನದ ಸಭಾಭವನದಲ್ಲಿ ಮಳೆಗಾಲವಿಡೀ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನ) ಉಂಟು. ಹಿರಿಯ ಅರ್ಥಧಾರಿಗಳ ಮಾತು ಉಳಿಯಬೇಕೆಂದು ರೆಕಾರ್ಡಿಂಗ್ ಮಾಡುತ್ತಿದ್ದೇನೆ. ಅರ್ಥ, ಅಂದರೆ ಅರ್ಥಧಾರಿಗಳ ಮಾತು, ಚೆನ್ನಾಗಿ ಬರುತ್ತದೆ, ತೊಂದರೆಯೆಲ್ಲ ಭಾಗವತರು ಹಾಡುವ ಪದ್ಯದಲ್ಲಿ.

ಭಾಗವತರಿಗೆ ಒಂದು ಶ್ಯೂರ್ ಎಸ್‌ಎಂ58, ಮದ್ದಳೆಗೆ ಒಂದು ಎಸ್‌ಎಂ57, ಅರ್ಥಧಾರಿಗಳಿಗೆ ನಾಲ್ಕು ಎಸ್‌ಎಂ58. ಚೆಂಡೆಗೆ ಮೈಕ್ ಇಟ್ಟಿಲ್ಲ, ಆ ಸಭಾಭವನಕ್ಕೆ ಅದು ಹಾಗೆಯೇ ಧಾರಾಳ ಕೇಳುತ್ತದೆ. ಎಲ್ಲ ಮೈಕೂ 12 ಚಾನೆಲ್‌ನ ಅನಲಾಗ್ ಮಿಕ್ಸರಿಗೆ, ಅಲ್ಲಿಂದ ಮೇನ್ ಔಟ್ ಝೂಮ್ ಎಚ್6 ರೆಕಾರ್ಡರಿಗೆ.

ಕೇಳಿದರೆ ಚೆಂಡೆ ಎಲ್ಲೋ ದೂರದಲ್ಲಿ, ತಗಡಿನ ಡಬ್ಬದೊಳಗೆ ಬಾರಿಸಿದ ಹಾಗೆ. ಅದನ್ನು ತಗ್ಗಿಸಲು ಹೋದರೆ ಭಾಗವತರ ಸ್ವರವೂ ತಗ್ಗುತ್ತದೆ. ಕಂಪ್ರೆಸರ್ (ಜೋರಾದ ಸದ್ದನ್ನು ತಾನಾಗಿ ಹಿಡಿದು ತಗ್ಗಿಸುವ ಸಾಧನ) ಹಾಕಿದರೆ ಪದ್ಯದ ಸಾಲು ನಿಂತಲ್ಲೆಲ್ಲ ಚೆಂಡೆ ಉಬ್ಬಿ ಮುಂದೆ ಬರುತ್ತದೆ. ಜೋರಾದ ಕಡೆ ಚರಚರ ಅಂತ ಒಡೆಯುವುದೂ ಉಂಟು. ಭಾಗವತರಿಗೆ ಒಳ್ಳೆಯ ಕಂಡೆನ್ಸರ್ ಮೈಕ್ ತಂದರೆ ಸರಿಯಾದೀತೆ?

ಧ್ವನಿದಾರಿ:
ಕಂಡೆನ್ಸರ್ ಸದ್ಯಕ್ಕೆ ತರಬೇಡಿ ಮಾರಾಯ್ರೆ. ಮೊದಲು ಇಷ್ಟು ಹೇಳಿ: ಚೆಂಡೆಯವರು ಭಾಗವತರಿಂದ ಎಷ್ಟು ದೂರ, ಯಾವ ದಿಕ್ಕಿಗೆ? ಪದ್ಯ ನಡೆಯುವಾಗ ಅರ್ಥಧಾರಿಗಳ ಮೈಕ್ ತೆರೆದೇ ಇರುತ್ತದಾ?

ಕುಮಾರಧಾರೆ:
ಜಾಗ ಕಿರಿದು. ಭಾಗವತರ ಒಂದು ಬದಿಗೆ ಮದ್ದಳೆ, ಇನ್ನೊಂದು ಬದಿಗೆ ಅದೇ ಸಾಲಿನಲ್ಲಿ ಸುಮಾರು 2 ಮೀಟರ್ ಆಚೆ ಚೆಂಡೆ. ಅರ್ಥಧಾರಿಗಳ ಮೈಕ್ ಎಲ್ಲವೂ ಉದ್ದಕ್ಕೂ ತೆರೆದೇ ಇರುತ್ತವೆ.

ಧ್ವನಿದಾರಿ:
ಹಾಗಾದರೆ ಕಾರಣ ಸ್ಪಷ್ಟ. ಮಿಕ್ಸರಿನಿಂದ ಹೊರಬರುವುದು ಸಭಿಕರಿಗಾಗಿ ಮಾಡಿದ ಮಿಶ್ರಣ. ಸಭಿಕರಿಗೆ ಚೆಂಡೆ ನೇರವಾಗಿ ಕಿವಿಗೆ ಬರುವುದರಿಂದ ಮಿಕ್ಸರಿಗೆ ಅದು ಬೇಕಾಗಿಲ್ಲ. ರೆಕಾರ್ಡಿಂಗ್ ಕೇಳುವವನಿಗೆ ಆ ನೇರ ಸದ್ದೇ ಇಲ್ಲ, ಬೇರೆಯವರ ಮೈಕಿಗೆ ಸೋರಿದ ಚೆಂಡೆ ಮಾತ್ರ ಸಿಗುತ್ತದೆ. ಸೋರಿದ್ದು ಒಂದು ಮೈಕಿಗಲ್ಲ, ಆರಕ್ಕೂ, ಒಂದೊಂದಕ್ಕೆ ಒಂದೊಂದು ಹೊತ್ತಿಗೆ.

ಡಬ್ಬದ ಸದ್ದು ಹುಟ್ಟುವುದು ಇಲ್ಲಿಂದಲೇ. ಶಬ್ದ 1 ಮೀಟರ್ ದಾಟಲು ಹತ್ತಿರ ಹತ್ತಿರ 3 ಮಿಲಿಸೆಕೆಂಡ್ ಬೇಕು. ಭಾಗವತರ ಮೈಕ್ ಚೆಂಡೆಯಿಂದ 2 ಮೀಟರ್, ಅರ್ಥಧಾರಿಗಳ ಒಂದು ಮೈಕ್ 3 ಮೀಟರ್ ಅಂತ ಇಟ್ಟುಕೊಳ್ಳಿ. ಎರಡೂ ಸೇರಿದಾಗ ಸುಮಾರು 170, 510, 860 ಹರ್ಟ್ಝ್‌ಗಳಲ್ಲಿ ಒಂದನ್ನೊಂದು ಕಡಿಯುತ್ತವೆ, ನಡುವಿನವು ಉಬ್ಬುತ್ತವೆ. ನಾಲ್ಕು ಮೈಕಿನದ್ದು ಸೇರಿದರೆ ಕೇಳುವುದೇ ಬೇಡ. ಈಕ್ವಲೈಸರ್‌ನಲ್ಲಿ ಇದನ್ನು ತಿದ್ದಲು ಆಗುವುದಿಲ್ಲ.

ಕಂಪ್ರೆಸರ್ ಏಕೆ ಕೆಡಿಸಿತು ಅಂದರೆ, ಸ್ವರ ನಿಂತ ಕೂಡಲೇ ಅದು ತನ್ನ ಹಿಡಿತ ಬಿಡುತ್ತದೆ. ಆಗ ಆ ಚಾನೆಲ್‌ನಲ್ಲಿ ಉಳಿದಿರುವುದು ಸೋರಿದ ಚೆಂಡೆ ಮಾತ್ರ. ಗೇಟ್ (ಸದ್ದು ಸಣ್ಣದಾದಾಗ ಚಾನೆಲನ್ನು ಮುಚ್ಚುವ ಸಾಧನ) ಹಾಕಿಯೂ ಪ್ರಯೋಜನವಿಲ್ಲ, ಚೆಂಡೆಯ ಪೆಟ್ಟಿಗೇ ಅದು ತೆರೆದುಕೊಳ್ಳುತ್ತದೆ. ಕಂಡೆನ್ಸರ್ ತಂದರೆ ಆ ಪೆಟ್ಟಿನ ಚೂಪು ಇನ್ನೂ ಸ್ಪಷ್ಟವಾಗಿ ಭಾಗವತರ ಟ್ರ್ಯಾಕಿಗೆ ಬರುತ್ತದೆ. ಜೊತೆಗೆ ಮಳೆಗಾಲ, ಶೀಟಿನ ಮಾಡಾದರೆ ಮಳೆಯನ್ನೂ ಹಿಡಿಯುತ್ತದೆ.

ಈಗ ಮಾಡಬೇಕಾದ್ದು. ಮೊದಲನೆಯದು ಮೈಕಿನ ಕೋನ. ಎಸ್‌ಎಂ58 ಕಾರ್ಡಿಯಾಯ್ಡ್, ಅಂದರೆ ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಮೈಕ್, ಅದು ಹೆಚ್ಚು ಕಿವುಡಾಗಿರುವುದು ನೇರ ಹಿಂದಕ್ಕೆ. ನಿಮ್ಮ ಚೆಂಡೆ ಇರುವುದು ಮೈಕಿನ ಪಕ್ಕಕ್ಕೆ, 90 ಡಿಗ್ರಿಯಲ್ಲಿ. ಅಲ್ಲಿ ಸಿಗುವ ರಕ್ಷಣೆ ಬರೀ 6 ಡೆಸಿಬೆಲ್. ಹಾಗಾಗಿ ಸ್ಟ್ಯಾಂಡನ್ನು ಚೆಂಡೆ ಇರುವ ಬದಿಗೆ ಸರಿಸಿ, ಮೈಕಿನ ಮೂತಿ ಮಾತ್ರ ಭಾಗವತರ ಬಾಯಿಯನ್ನೇ ನೋಡಲಿ. ಆಗ ಮೈಕಿನ ಬೆನ್ನು ಚೆಂಡೆಯ ಕಡೆಗೆ ತಿರುಗುತ್ತದೆ. ಖರ್ಚು ಮಾಡಲೇಬೇಕೆಂದಿದ್ದರೆ ಬೀಟಾ 58ಎ ಥರದ ಸೂಪರ್‌ಕಾರ್ಡಿಯಾಯ್ಡ್ ಡೈನಮಿಕ್ ತನ್ನಿ. ಅದರ ಕಿವುಡು ಜಾಗ ಸುಮಾರು 126 ಡಿಗ್ರಿಯಲ್ಲಿ. ಮೈಕನ್ನು ಬಾಯಿಯ ನೇರದಿಂದ 35–40 ಡಿಗ್ರಿ ಸರಿಸಿದರೆ ಚೆಂಡೆ ಸರಿಯಾಗಿ ಆ ಜಾಗಕ್ಕೇ ಬೀಳುತ್ತದೆ. ಆದರೆ ಈ ಮೈಕಿನ ನೇರ ಹಿಂದೆ ಮಾನಿಟರ್ ಸ್ಪೀಕರ್ ಇಡಬೇಡಿ, ಅಲ್ಲಿ ಅದಕ್ಕೆ ಸ್ವಲ್ಪ ಕೇಳುತ್ತದೆ.

ಬಾಯಿಗೂ ಮೈಕಿಗೂ ನಡುವೆ 8–10 ಸೆಂ.ಮೀ. ಸಾಕು. ದೂರ ಅರ್ಧವಾದರೆ ಸ್ವರ 6 ಡೆಸಿಬೆಲ್ ಏರುತ್ತದೆ, ಚೆಂಡೆ ಇದ್ದಲ್ಲೇ ಇರುತ್ತದೆ. ಹತ್ತಿರ ಬಂದಾಗ ಸ್ವರದ ಕೆಳಭಾಗ ದಪ್ಪವಾಗುತ್ತದೆ, ಚಾನೆಲ್‌ನ ಲೋ ಕಟ್ (ತೀರಾ ಕೆಳಗಿನ ಸದ್ದನ್ನು ಕಡಿಯುವ ಗುಂಡಿ) ಒತ್ತಿಬಿಡಿ.

ಎರಡನೆಯದು ನಿಮಗೆ ವಿಚಿತ್ರ ಅನಿಸಬಹುದು: ಚೆಂಡೆಗೇ ಒಂದು ಮೈಕ್ ಇಡಿ. ಆ ಮೈಕ್ ಮಿಕ್ಸರಿಗೆ ಹೋಗುವುದು ಬೇಡ, ನೇರ ಎಚ್6ಗೆ ಹೋಗಲಿ. ಚೆಂಡೆಯ ಹತ್ತಿರದ, ಗಟ್ಟಿಯಾದ ಸದ್ದು ನಿಮ್ಮ ಕೈಯಲ್ಲಿದ್ದರೆ ಸೋರಿದ್ದು ಅದರಡಿ ಮುಚ್ಚಿಹೋಗುತ್ತದೆ.

ಎಡಮುಚ್ಚಿಗೆ:
ನಾನು ಮದ್ದಳೆ ನುಡಿಸುವವ, ನುಡಿಸುವವರ ಕಡೆಯಿಂದ ಸ್ವಲ್ಪ ಹೇಳುತ್ತೇನೆ. ಚೆಂಡೆಯ ಮೈಕನ್ನು ಮುಚ್ಚಿಗೆಯ (ಬಾರಿಸುವ ಚರ್ಮದ) ನಡುವಿಗೆ ಗುರಿಯಿಟ್ಟು ತೀರಾ ಹತ್ತಿರ ಇಡಬೇಡಿ, ಬರೀ ಕೋಲಿನ ಟಕ್ ಟಕ್ ಬರುತ್ತದೆ. ಒಂದು ಮೊಳ ದೂರದಿಂದ, ಅಂಚಿನ ಕಡೆಗೆ ಓರೆಯಾಗಿ ನೋಡಿದರೆ ನಾದವೂ ಬರುತ್ತದೆ, ಕೋಲು ತಾಗುವ ಹೆದರಿಕೆಯೂ ಇಲ್ಲ. ಮದ್ದಳೆಗೆ ಬಲ ಮುಚ್ಚಿಗೆಯಿಂದ ಒಂದು ಗೇಣು ದೂರ. ಬಲವನ್ನು ಭಾಗವತರ ಶ್ರುತಿಗೆ ಕೂಡಿಸಿರುತ್ತೇವೆ, ಮೈಕು ಅದಕ್ಕೆ ಅಂಟಿಕೊಂಡರೆ ಪೆಟ್ಟು ಉಳಿದು ಶ್ರುತಿ ಹೋಗುತ್ತದೆ.

ಒಂದು ಕೇಳಿಕೆ. "ಸ್ವಲ್ಪ ಮೆಲ್ಲ ಬಾರಿಸಿ" ಅಂತ ಚೆಂಡೆಯವರಿಗೆ ದಯವಿಟ್ಟು ಹೇಳಬೇಡಿ. ವೀರರಸದ ಪದ್ಯಕ್ಕೆ ಏರಬೇಕಾದ್ದು ಏರಲೇಬೇಕು. ಭಾಗವತರ ಮೈಕ್ ಸರಿಸುವುದಿದ್ದರೂ ಮೊದಲೇ ಅವರನ್ನು ಕೂರಿಸಿ, ಕೇಳಿ, ಸರಿಸಿ. ಪದ್ಯದ ನಡುವೆ ಬಂದು ಸ್ಟ್ಯಾಂಡ್ ತಿರುಗಿಸಿದರೆ ಎಂಥವರಿಗೂ ಲಯ ಕದಡುತ್ತದೆ.

ಕುಮಾರಧಾರೆ:
ಬಹಳ ಉಪಕಾರ. ಆದರೆ ಎಚ್6ನಲ್ಲಿ ಇರುವುದು ನಾಲ್ಕೇ ಇನ್‌ಪುಟ್. ಮೈಕ್ ಏಳಾಯಿತಲ್ಲ?

ಧ್ವನಿದಾರಿ:
ನಾಲ್ಕು ಸಾಕು. 1 ಭಾಗವತರು, 2 ಮದ್ದಳೆ, 3 ಚೆಂಡೆ, 4 ಅರ್ಥಧಾರಿಗಳೆಲ್ಲ ಸೇರಿ. ನಾಲ್ಕನೆಯದಕ್ಕೆ ಮಿಕ್ಸರಿನ ಒಂದು ಆಕ್ಸ್ (ಬೇಕಾದ ಚಾನೆಲನ್ನು ಮಾತ್ರ ಬೇರೆಯಾಗಿ ಹೊರಕಳಿಸುವ ದಾರಿ) ತೆಗೆದುಕೊಳ್ಳಿ. ಪ್ರೀ ಫೇಡರ್ ಆಗಿರಲಿ (ಸಭೆಗಾಗಿ ಫೇಡರ್ ಏರಿಳಿಸಿದರೂ ಬದಲಾಗದ ಹಾಗೆ), ಅರ್ಥಧಾರಿಗಳ ನಾಲ್ಕು ಚಾನೆಲ್‌ನಿಂದ ಮಾತ್ರ ಅದಕ್ಕೆ ಕಳಿಸಿ. ಭಾಗವತರು ಮತ್ತು ಮದ್ದಳೆಗೆ ಚಾನೆಲ್‌ನ ಇನ್ಸರ್ಟ್ ಜ್ಯಾಕ್ (ಆ ಚಾನೆಲಿನ ಸದ್ದನ್ನು ಹೊರಗಿನ ಸಾಧನಕ್ಕೆ ಕಳಿಸಿ ಮರಳಿ ತರುವ ತೂತು) ಇದ್ದರೆ, ಮೋನೋ ಪಿನ್ನನ್ನು ಮೊದಲ "ಟಿಕ್" ಕೇಳುವವರೆಗೆ, ಅರ್ಧ ಮಾತ್ರ ತೂರಿಸಿ. ಹೆಚ್ಚಿನ ಅನಲಾಗ್ ಮಿಕ್ಸರುಗಳಲ್ಲಿ ಸಭೆಗೆ ಹೋಗುವ ಸದ್ದು ಕಡಿಯದೆ ಒಂದು ಪ್ರತಿ ಹೊರಬರುತ್ತದೆ. ನಿಮ್ಮ ಮಿಕ್ಸರಿನಲ್ಲಿ ಹಾಗಾಗುತ್ತದಾ ಅಂತ ಹಿಂದಿನ ದಿನವೇ ನೋಡಿಕೊಳ್ಳಿ. ಯಾರಾದರೂ ಎಡವಿದರೆ ಕಳಚುವ ಜೋಡಣೆ ಇದು, ಕೇಬಲನ್ನು ಮಿಕ್ಸರಿಗೆ ಟೇಪ್ ಹಾಕಿ ಕಟ್ಟಿ.

ಚರಚರ ಒಡೆಯುವುದಕ್ಕೂ ಉತ್ತರ ಇಲ್ಲೇ ಇದೆ. ಮಿಕ್ಸರಿನಿಂದ ಬರುವುದು ಲೈನ್ ಮಟ್ಟದ ಸಿಗ್ನಲ್, ಮೈಕಿಗಿಂತ ಎಷ್ಟೋ ಪಟ್ಟು ದೊಡ್ಡದು. ಎಚ್6ನ ಆ ಇನ್‌ಪುಟ್‌ಗಳಲ್ಲಿ –20ರ ಪ್ಯಾಡ್ (ಸಿಗ್ನಲನ್ನು 20 ಡೆಸಿಬೆಲ್ ತಗ್ಗಿಸುವ ಸ್ವಿಚ್) ಹಾಕಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಚೆಂಡೆ ಪೂರ್ತಿ ಏರಿದಾಗಲೂ ಮೀಟರ್ –12ರ ಆಸುಪಾಸು ನಿಲ್ಲಲಿ. ಸದ್ದು ಸಣ್ಣದಾಯಿತಲ್ಲ ಅಂತ ಗೇನ್ ಏರಿಸಬೇಡಿ, ಅದನ್ನು ಆಮೇಲೆ ಏರಿಸಬಹುದು. ಒಡೆದದ್ದನ್ನು ಸರಿ ಮಾಡಲಾಗದು.

ಮಿಕ್ಸಿಂಗ್‌ನಲ್ಲಿ ತಾಳಮದ್ದಳೆಯ ಸ್ವರೂಪವೇ ನಿಮಗೆ ದೊಡ್ಡ ಸಹಾಯ. ಪದ್ಯ ನಡೆಯುವಾಗ ಅರ್ಥ ಇಲ್ಲ, ಅರ್ಥ ನಡೆಯುವಾಗ ಹಿಮ್ಮೇಳ (ಭಾಗವತರು, ಮದ್ದಳೆ, ಚೆಂಡೆ) ಹೆಚ್ಚಾಗಿ ಸುಮ್ಮನಿರುತ್ತದೆ. ಪದ್ಯದುದ್ದಕ್ಕೂ ನಾಲ್ಕನೇ ಟ್ರ್ಯಾಕನ್ನು 12–15 ಡೆಸಿಬೆಲ್ ಕೆಳಗಿಳಿಸಿ. ಪೂರ್ತಿ ಮುಚ್ಚಿದರೆ ಸಭಾಭವನದ ಗಾಳಿಯೇ ಮಾಯವಾದ ಹಾಗೆ ಕೇಳುತ್ತದೆ, ಅಷ್ಟು ಬೇಡ. ಅರ್ಥದ ಹೊತ್ತಿಗೆ ಹಿಮ್ಮೇಳದ ಟ್ರ್ಯಾಕ್ ಇಳಿಸಿ, ಆದರೆ ಭಾಗವತರ ಎತ್ತುಗಡೆಗೆ (ಪದ್ಯ ಶುರು ಮಾಡುವುದಕ್ಕೆ) ಒಂದು ಉಸಿರು ಮೊದಲೇ ತೆರೆದಿರಲಿ. ಎತ್ತುಗಡೆಯ ಮೊದಲ ಅಕ್ಷರ ಕಡಿದುಹೋದ ರೆಕಾರ್ಡಿಂಗ್ ಕೇಳುವಾಗ ಜೀವ ಹಿಂಡುತ್ತದೆ. ಇದನ್ನೆಲ್ಲ ಕೈಯಲ್ಲೇ ಮಾಡಿ. ಹೊತ್ತು ಹಿಡಿಯುತ್ತದೆ, ಆದರೆ ಯಾವ ಗೇಟಿಗೂ ಪದ್ಯದ ಎತ್ತುಗಡೆ ಗೊತ್ತಿಲ್ಲ.

ಇನ್ನು ಚೆಂಡೆಯ ಟ್ರ್ಯಾಕನ್ನು ಸುಮಾರು 6 ಮಿಲಿಸೆಕೆಂಡ್ ತಡವಾಗಿ ಬರುವ ಹಾಗೆ ಸರಿಸಿ, ಭಾಗವತರ ಮೈಕಿಗೆ ಸೋರಿದ ಚೆಂಡೆಯ ಜೊತೆ ಕೂಡಿಸಿ. ಪರದೆಯಲ್ಲಿ ಎರಡರ ಪೆಟ್ಟಿನ ಮೊದಲ ಗೆರೆ ಒಂದರ ಕೆಳಗೊಂದು ಕಾಣುವಷ್ಟು ದೊಡ್ಡದು ಮಾಡಿ ನೋಡಿ. ಕೂಡಿದ ಮೇಲೆ ಚೆಂಡೆ ತೆಳುವಾದರೆ ಆ ಟ್ರ್ಯಾಕಿನ ಪೊಲಾರಿಟಿ ತಿರುಗಿಸಿ, ಅಂದರೆ ಅಲೆಯನ್ನು ಮೇಲುಕೆಳಗು ಮಾಡಿ.

ಕುಮಾರಧಾರೆ:
ಕಳೆದ ಶನಿವಾರ ಹೀಗೆಯೇ ಮಾಡಿದೆವು. ಭಾಗವತರು ಮೈಕ್ ಓರೆಗೆ ಒಪ್ಪಿದರು. ಡಬ್ಬದ ಸದ್ದು ಹೋಗಿದೆ, ಚೆಂಡೆ ಚೆಂಡೆಯ ಹಾಗೆಯೇ ಕೇಳುತ್ತದೆ! ಒಡೆಯುವುದೂ ನಿಂತಿದೆ. ಎರಡು ಪ್ರಶ್ನೆ ಉಳಿದಿವೆ. ಭಾಗವತರು ಮದ್ದಳೆಯವರ ಕಡೆ ತಿರುಗಿದಾಗ ಸ್ವರ ತೆಳುವಾಗುತ್ತದೆ. ಹಳೆಯ ಮಿಕ್ಸರ್ ರೆಕಾರ್ಡಿಂಗ್‌ಗಳಲ್ಲಿ ಒಂದು ಒಳ್ಳೆಯ ಸಂವಾದ ಉಂಟು, ಅದನ್ನು ಸ್ವಲ್ಪವಾದರೂ ಉಳಿಸಿಕೊಳ್ಳಲು ದಾರಿ ಇದೆಯೇ?

ಎಡಮುಚ್ಚಿಗೆ:
ತಿರುಗುವುದು ನಮಗೆ ನಿಲುಗಡೆ, ಮುಕ್ತಾಯ ತೋರಿಸಲಿಕ್ಕೆ, ಅದನ್ನು ಬೇಡ ಅನ್ನಲಾಗದು. ಮೈಕನ್ನು ಸ್ವಲ್ಪ ಕೆಳಗಿಟ್ಟು ಗಲ್ಲದ ಕಡೆಯಿಂದ ಮೇಲಕ್ಕೆ ನೋಡಿಸಿ, ಮುಖ ಆಚೆ ಈಚೆ ಆದರೂ ದೂರ ಅಷ್ಟು ಬದಲಾಗುವುದಿಲ್ಲ.

ಧ್ವನಿದಾರಿ:
ಅದು ಒಳ್ಳೆಯ ಉಪಾಯ. ಉಳಿದ ತೆಳುವನ್ನು ಆ ಸಾಲುಗಳಲ್ಲಿ ಮಾತ್ರ 2–3 ಡೆಸಿಬೆಲ್ ಏರಿಸಿ ಸರಿದೂಗಿಸಿ.

ಹಳೆಯದಕ್ಕೆ, ಆ ದಿನ ಮುಂದಿನ ಸಾಲಿನಲ್ಲಿ ಕೂತು ಯಾರಾದರೂ ಮೊಬೈಲಿನಲ್ಲಿ ವಿಡಿಯೋ ಮಾಡಿದ್ದಾರಾ ವಿಚಾರಿಸಿ. ಅದರಲ್ಲಿ ಚೆಂಡೆಯ ನೇರ ಸದ್ದು ಇರುತ್ತದೆ. ನಿಮ್ಮ ರೆಕಾರ್ಡಿಂಗ್ ಜೊತೆ ಕೂಡಿಸಿ, ಪದ್ಯ ಬಂದಲ್ಲಿ ಮಾತ್ರ ತಗ್ಗಿದ ಮಟ್ಟದಲ್ಲಿ ಸೇರಿಸಿ. ಎರಡು ಯಂತ್ರಗಳ ಗಡಿಯಾರ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಆರಂಭದಲ್ಲಿ ಕೂಡಿಸಿದ್ದು ಗಂಟೆ ಕಳೆಯುವಾಗ ಜಾರಿರುತ್ತದೆ, ಹಾಗಾಗಿ ಒಂದೊಂದು ಪದ್ಯವನ್ನೂ ಬೇರೆ ಬೇರೆ ಕತ್ತರಿಸಿ ಜೋಡಿಸಿ. ಮೊಬೈಲ್ ತಾನಾಗಿಯೇ ಸದ್ದು ಏರಿಸಿ ಇಳಿಸುತ್ತದಾದ್ದರಿಂದ ಸ್ವರಕ್ಕೆ ಅದನ್ನು ನಂಬಬೇಡಿ. ಮೂಲ ಫೈಲುಗಳನ್ನು ಮುಟ್ಟದೆ ಬೇರೆ ಡ್ರೈವ್‌ನಲ್ಲಿ ಇಟ್ಟು, ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಿ.